ಹಳೆ ಸೀರೆಯಿಂದ ಕೌದಿ: ನಡುವೆ ಉಬ್ಬದಂತೆ, ಒಗೆದಾಗ ಸೀಳದಂತೆ ಹೊಲಿಯುವ ಕ್ರಮ

ಹಳೆ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ತೇಪೆ ಜೋಡಿಸಿ ಹೊಲಿಯುವ ಹೊದಿಕೆಯೇ ಕೌದಿ. ಅದನ್ನು ಹೊಲಿಯಲು ಕೂತವರಲ್ಲಿ ಬಹಳ ಮಂದಿ ಸೋಲುವುದು ಒಂದೇ ಜಾಗದಲ್ಲಿ. ಅಂಚಿನಿಂದ ಒಂದು ಮೊಳ ಒಳಗೆ ಬರುವಷ್ಟರಲ್ಲಿ ನಡುವಿನ ಬಟ್ಟೆ ಹೊಟ್ಟೆ ಬಿಟ್ಟುಕೊಂಡು ನಿಂತಿರುತ್ತದೆ. ಎಳೆದು ಸರಿ ಮಾಡಲು ಹೋದರೆ ಇನ್ನೊಂದು ಕಡೆ ನೆರಿಗೆ ಬೀಳುತ್ತದೆ. ಹೇಗೋ ಮುಗಿಸಿದವರಿಗೆ ಎರಡನೇ ಪೆಟ್ಟು ಮೊದಲ ಒಗೆತದಲ್ಲಿ: ಒಂದು ತೇಪೆಯ ಕೆಂಪು ಇಡೀ ಕೌದಿಗೆ ಹತ್ತಿರುತ್ತದೆ, ಇಲ್ಲವೇ ಹೊಲಿಗೆಯ ಗುಂಟ ಬಟ್ಟೆಯೇ ಸೀಳಿರುತ್ತದೆ. ಹೊಲಿಗೆ ಓರೆಕೋರೆ ಇದ್ದುದರಿಂದ ಕೆಟ್ಟ ಕೌದಿ ಅಪರೂಪ. ಸೂಜಿ ಹಿಡಿಯುವ ಮೊದಲು ಆಗಬೇಕಾದ ಕೆಲಸ ಅವಸರದಲ್ಲಿ ತಪ್ಪಿಹೋಗಿರುತ್ತದೆ, ಅಷ್ಟೇ. ಅದಕ್ಕಾಗಿ ಇಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಲಿಗೆಗೆ ಮುಂಚಿನದು.

ಅಳತೆ ಮೊದಲೇ ಗೊತ್ತು ಮಾಡಿಕೊಳ್ಳಿ. ಮೊದಲ ಕೌದಿಗೆ ಒಬ್ಬರು ಹೊದೆಯುವಷ್ಟು, ಅಂದರೆ ಮುಗಿದಾಗ ಸುಮಾರು 105 ಸೆಂ.ಮೀ. ಅಗಲ, 195 ಸೆಂ.ಮೀ. ಉದ್ದ ಸಾಕು. ಸೀರೆಯ ಪನ್ನ, ಅಂದರೆ ಅಗಲ, ಸಾಧಾರಣವಾಗಿ 115 ಸೆಂ.ಮೀ. ಇರುವುದರಿಂದ ಈ ಅಳತೆಗೆ ಎಲ್ಲೂ ಜೋಡು ಹಾಕಬೇಕಿಲ್ಲ. ಡಬಲ್ ಕೌದಿಗೆ ಎರಡು ಪನ್ನ ಕೂಡಿಸಲೇಬೇಕು. ಆ ಜೋಡಿನ ಗುಂಟ ಬಟ್ಟೆ ಎಳೆದುಕೊಳ್ಳದಂತೆ ನೋಡಿಕೊಳ್ಳುವುದು ಹೊಸಬರ ಕೈಗೆ ಹೊರೆ.

ಬೇಕಾಗುವ ಸಾಮಾನು

ಐದೂವರೆ ಮೀಟರಿನ ನೂಲಿನ ಸೀರೆ ಎರಡು. ಒಂದು ಸೀರೆಯಿಂದ 210 ಸೆಂ.ಮೀ. ಉದ್ದದ ಎರಡು ತುಂಡು ಬರುತ್ತವೆ. ಒಟ್ಟು ಮೂರು ತುಂಡು ಬೇಕು: ತಳಕ್ಕೆ ಒಂದು, ಒಳಪದರಕ್ಕೆ ಎರಡು. ಉಳಿದದ್ದು ಮೇಲಿನ ತೇಪೆಗೆ. ಒಳಪದರಕ್ಕೆ ಹಳೆ ಧೋತರ ಅಥವಾ ಲುಂಗಿ ಸಿಕ್ಕರೆ ಇನ್ನೂ ಒಳ್ಳೆಯದು, ಒಗೆದೊಗೆದು ಮೆತ್ತಗಾದ ಅದರಲ್ಲಿ ಸೂಜಿ ತಾನಾಗಿ ಇಳಿಯುತ್ತದೆ. ತೇಪೆಗೆ ಹತ್ತಿ ಅಂಗಿ, ಪರಕಾರದ ಬಟ್ಟೆ, ಮಕ್ಕಳ ಫ್ರಾಕು, ಖಣದ ಚೂರು, ಏನಾದರೂ ಆದೀತು.

ಸೂಜಿ: ಐದು ಸೆಂ.ಮೀ. ಉದ್ದದ, ದೊಡ್ಡ ಕಣ್ಣಿನ, ಮೊನೆ ಚೂಪಾದದ್ದು ನಾಲ್ಕು. ಗೋಣಿ ಹೊಲಿಯುವ ದಬ್ಬಣ ಬೇಡ. ಅದು ಮಾಡಿದ ತೂತನ್ನು ದಾರ ತುಂಬುವುದಿಲ್ಲ, ಮುಂದೆ ಹರಿಯುವುದು ಅಲ್ಲಿಂದಲೇ.

ದಾರ: ಹತ್ತಿಯದ್ದೇ ಆಗಬೇಕು. ಪಾಲಿಯೆಸ್ಟರ್ ದಾರ ಗಟ್ಟಿ ಎಂದು ಅಂಗಡಿಯವರು ಕೊಡುತ್ತಾರೆ. ಗಟ್ಟಿಯೇ, ಅದೇ ತೊಂದರೆ. ಹಳೆ ಬಟ್ಟೆಗಿಂತ ದಾರ ಗಟ್ಟಿಯಾದರೆ ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಕತ್ತರಿಸುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು. ದಪ್ಪ ಹತ್ತಿ ದಾರವಾದರೆ ಒಂದೆಳೆಯಲ್ಲಿ 180 ಮೀಟರ್ ಸಾಕು. ತೆಳು ದಾರವನ್ನು ಜೋಡಿ ಎಳೆ ಮಾಡುವುದಾದರೆ 350 ಮೀಟರ್ ಬೇಕು. ಕಸೂತಿಗೆ ಬಳಸುವ ಆರೆಳೆಯ, 8 ಮೀಟರಿನ ಲಡಿ ತಂದರೆ ಮೂರು ಮೂರು ಎಳೆಯಾಗಿ ಬಿಡಿಸಿಕೊಳ್ಳಿ, 12 ಲಡಿ ಹಿಡಿಯುತ್ತದೆ. ಹೂ ಕಟ್ಟುವ ದಾರಕ್ಕೆ ಹುರಿ ಸಾಲದು, ಮುಟ್ಟಲೇಬೇಡಿ.

ಇವಲ್ಲದೆ ಕತ್ತರಿ, ಅಳತೆಪಟ್ಟಿ, ಬಟ್ಟೆ ಗುರುತಿನ ಸೀಮೆಸುಣ್ಣ, ಗುಂಡುಪಿನ್ನು ಐವತ್ತರಷ್ಟು, ನೆಲಕ್ಕೆ ಅಂಟಿಸುವ ಕಾಗದದ ಟೇಪು, ಒಂದು ಚೂರು ಜೇನುಮೇಣ, ನಡುಬೆರಳಿಗೆ ಲೋಹದ ಬೆರಳುಟೋಪಿ. ಬೆರಳುಟೋಪಿ ಇಲ್ಲದೆ ನಾಲ್ಕು ಪದರ ಹೊಲಿದರೆ ಎರಡನೇ ದಿನಕ್ಕೆ ಬೆರಳು ತೂತು.

ಹಂತ 1: ಬಟ್ಟೆಯ ಪರೀಕ್ಷೆ

ಬಟ್ಟೆ ಚಂದ ಇದೆಯೇ ಎಂದು ಆಮೇಲೆ ನೋಡೋಣ, ತ್ರಾಣ ಇದೆಯೇ ಎಂದು ಮೊದಲು ನೋಡಿ. ಅಂಚಿಗೆ ಕತ್ತರಿಯಿಂದ ಒಂದು ಸೆಂ.ಮೀ. ಕೊಯ್ದು ಎರಡೂ ಕೈಯಿಂದ ಹರಿಯಿರಿ. ತ್ರಾಣ ಇರುವ ಬಟ್ಟೆ ಪರ್ರನೆ ಸದ್ದು ಮಾಡಿ ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಸೋತ ಬಟ್ಟೆ ಸದ್ದಿಲ್ಲದೆ ಅಂಕುಡೊಂಕಾಗಿ ಬಾಯಿಬಿಡುತ್ತದೆ. ಅಂಥದ್ದನ್ನು ತಳಕ್ಕೂ ತೇಪೆಗೂ ಹಾಕಬೇಡಿ. ಒಳಪದರಕ್ಕೆ ನಡೆಯುತ್ತದೆ, ಅದೂ ಎರಡರಲ್ಲಿ ಒಂದಕ್ಕೆ ಮಾತ್ರ.

ಸೀರೆ ಎಲ್ಲ ಕಡೆಯೂ ಒಂದೇ ಸಮ ಸವೆದಿರುವುದಿಲ್ಲ. ನೆರಿಗೆ ಸಿಕ್ಕಿಸುವ ಜಾಗ, ಹಿಮ್ಮಡಿಗೆ ತಾಗುವ ಕೆಳದಡಿ, ಭುಜದ ಮೇಲಿನ ಭಾಗ ಮೊದಲು ಸೋಲುತ್ತವೆ. ಬೆಳಕಿಗೆ ಹಿಡಿದರೆ ಅಲ್ಲಿ ಜಾಳು ಕಾಣುತ್ತದೆ. ತಳಕ್ಕೆ ಬೇಕಾದ 210 ಸೆಂ.ಮೀ. ಅನ್ನು ಜಾಳಿಲ್ಲದ ಕಡೆಯಿಂದ ತೆಗೆಯಿರಿ.

ಇಳಕಲ್ ಸೀರೆ ಇದ್ದವರು ಒಂದು ವಿಷಯ ಗಮನಿಸಿ. ಮೈ ನೂಲು ಇದ್ದು ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಆಗಿರುತ್ತದೆ. ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ನೀರಿಗೆ ಬಿದ್ದಾಗ ಎರಡೂ ಒಂದೇ ಸಮ ಕುಗ್ಗುವುದಿಲ್ಲ. ಸೆರಗು ಸಮೇತ ತಳ ಹಾಸಿದರೆ ಕೊಂಡಿಯ ಸಾಲಿನಲ್ಲಿ ಶಾಶ್ವತವಾಗಿ ಸುಕ್ಕು ಉಳಿಯುತ್ತದೆ. ಸೆರಗನ್ನು ಕೊಂಡಿಗಿಂತ ಎರಡು ಬೆರಳು ಒಳಗೆ, ಮೈ ಕಡೆ ಕತ್ತರಿಸಿ ಬೇರೆ ಇಡಿ. ಚೀಲಕ್ಕೋ ದಿಂಬಿನ ಹೊದಿಕೆಗೋ ಅದು ಚಿನ್ನದಂಥ ಬಟ್ಟೆ.

ಹಳೆ ರೇಷ್ಮೆ ಸೀರೆ ಕೌದಿಗೆ ಬೇಡ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯ ಗುಂಟ ಬಿರಿಯುತ್ತದೆ, ಸೂಜಿ ಚುಚ್ಚಿದರೆ ಇನ್ನೂ ಬೇಗ. ಜರಿದಡಿ ಇದ್ದರೆ ಕತ್ತರಿಸಿ ತೆಗೆಯಿರಿ, ಮೈಗೆ ಚುಚ್ಚುತ್ತದೆ. ಟೆರಿಕಾಟ್, ನೈಲಾನ್ ಮಡಿಕೆ ಕೂರದ ಬಟ್ಟೆಗಳು, ಬೆವರೂ ಹೀರುವುದಿಲ್ಲ. ಯಾವುದೆಂದು ಅನುಮಾನವಿದ್ದರೆ ನಾಲ್ಕು ಎಳೆ ಬಿಡಿಸಿ ಇಕ್ಕುಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಜೀನ್ಸ್, ಟರ್ಕಿ ಟವೆಲ್, ಒತ್ತು ನೇಯ್ಗೆಯ ಬೆಡ್‌ಶೀಟ್ ಯಾವ ಪದರಕ್ಕೂ ಬೇಡ, ಕೈ ಸೋತುಹೋಗುತ್ತದೆ.

ಹಂತ 2: ಒಗೆದು ಬಣ್ಣ ಬಿಡಿಸುವುದು

ಆರಿಸಿದ ಪ್ರತಿ ಬಟ್ಟೆಯನ್ನೂ, ತೇಪೆಯ ಚೂರನ್ನೂ ಬಿಡದೆ, ಸೋಪಿನ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಗಾಢ ಬಣ್ಣದವನ್ನು ಒಂದೊಂದಾಗಿಯೇ ನೆನೆಸಬೇಕು. ಕೆಂಪು, ಕರಿನೀಲಿ, ಕಡುಹಸಿರಿನ ಮೇಲೆ ವಿಶೇಷ ಕಣ್ಣಿರಲಿ. ನೀರು ತಿಳಿಯಾಗುವವರೆಗೆ ಒಗೆದು, ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಕಲೆ ಹತ್ತಿದರೆ ಮತ್ತೊಮ್ಮೆ ಒಗೆಯಿರಿ. ನಾಲ್ಕು ಸಲ ಒಗೆದ ಮೇಲೂ ಹತ್ತುತ್ತಿದ್ದರೆ ಅದು ಕೌದಿಗೆ ಬಾರದ ಬಟ್ಟೆ.

ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಮಾತನ್ನು ನೆಚ್ಚಿ ಕೂರಬೇಡಿ. ಬಣ್ಣ ಹಾಕುವ ಹಂಡೆಯಲ್ಲಿ ಉಪ್ಪಿಗೆ ಕೆಲಸವಿದೆ. ಬಣ್ಣ ಹಾಕಿ ಮಾರಿದ ಬಟ್ಟೆಯಲ್ಲಿ ಸಡಿಲವಾಗಿ ಉಳಿದ ಬಣ್ಣವನ್ನು ಅದು ಹಿಡಿದಿಡುವುದಿಲ್ಲ.

ಈ ಒಗೆತದ ಇನ್ನೊಂದು ಉದ್ದೇಶ ಕುಗ್ಗುವುದೆಲ್ಲ ಈಗಲೇ ಕುಗ್ಗಿಬಿಡಲಿ ಎಂಬುದು. ಎಂದೂ ಉಡದ ಹೊಸ ಬಟ್ಟೆಯ ಚೂರನ್ನು ತೇಪೆಗೆ ಸೇರಿಸುವವರು ಇದನ್ನು ಮರೆಯುತ್ತಾರೆ. ಆಮೇಲೆ ಆ ಒಂದು ತೇಪೆ ಮಾತ್ರ ಸುತ್ತಲಿನ ಬಟ್ಟೆಯನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಹಳೆ ಗಂಜಿಯೂ ಪೂರ್ತಿ ಹೋಗಬೇಕು: ಗಂಜಿಗೆ ಬೆಳ್ಳಿಹುಳು ಬರುತ್ತದೆ, ಸೂಜಿಯೂ ತಡೆಯುತ್ತದೆ.

ಹಂತ 3: ಹರಿದು, ಇಸ್ತ್ರಿ ಹಾಕಿ, ಅಳತೆಗೆ ತರುವುದು

ಉದ್ದದ ತುಂಡುಗಳನ್ನು ಕತ್ತರಿಯಿಂದ ಕೊಯ್ಯಬೇಡಿ, ಹರಿಯಿರಿ. ಹರಿದ ಅಂಚು ಎಳೆಯ ಗುಂಟ ನೇರವಾಗಿರುತ್ತದೆ. ಕತ್ತರಿಯ ಅಂಚು ಕಣ್ಣಿಗೆ ನೇರ ಕಂಡರೂ ಎಳೆಗೆ ಓರೆಯಾಗಿರಬಹುದು. ಓರೆ ಅಂಚಿನ ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ, ಮುಗಿದ ಕೌದಿಯ ಅಂಚು ಅಲೆ ಅಲೆಯಾಗುವುದು ಅದರಿಂದ.

ತಳ 115 × 210 ಸೆಂ.ಮೀ. ಇರಲಿ. ಒಳಪದರ ಎರಡನ್ನೂ ನಾಲ್ಕೂ ಕಡೆ 4 ಸೆಂ.ಮೀ. ಕಿರಿದು ಮಾಡಿ, ಅಂದರೆ 107 × 202. ತಳದ ಹೆಚ್ಚುವರಿ 4 ಸೆಂ.ಮೀ. ಕೊನೆಗೆ ಮಡಚಿ ಅಂಚು ಕಟ್ಟಲು. ನಿಮ್ಮ ಸೀರೆಯ ಪನ್ನ ಕಡಿಮೆ ಇದ್ದರೆ ಒಳಪದರವನ್ನು ಅದಕ್ಕೆ ತಕ್ಕಂತೆ ಇಳಿಸಿ, ಈ 4 ಸೆಂ.ಮೀ. ಬಿಟ್ಟುಕೊಡಬೇಡಿ.

ತೇಪೆಗಳು 15 × 20 ಸೆಂ.ಮೀ. ಗಿಂತ ಚಿಕ್ಕದು ಬೇಡ. ಸಣ್ಣ ಚೂರುಗಳ ಕೌದಿ ನೋಡಲು ಚಂದ, ಆದರೆ ಪ್ರತಿ ಚೂರಿಗೂ ಅಂಚು ಮಡಚಬೇಕು, ಮಡಚಿದ ಕಡೆಯಲ್ಲೆಲ್ಲ ಎರಡು ಪದರ ಹೆಚ್ಚು. ಮೊದಲ ಸಲಕ್ಕೆ ಮೂವತ್ತರಿಂದ ನಲವತ್ತು ತೇಪೆಯ ಒಳಗೆ ಇರಿ. ತೇಪೆಯ ಎರಡು ಅಂಚನ್ನು ಮಾತ್ರ, ಒಂದು ಉದ್ದದ್ದು ಒಂದು ಅಡ್ಡದ್ದು, 1 ಸೆಂ.ಮೀ. ಒಳಕ್ಕೆ ಮಡಚಿ ಇಸ್ತ್ರಿ ಹಾಕಿ. ಉಳಿದೆರಡು ಹಾಗೇ ಇರಲಿ, ಅವು ಪಕ್ಕದ ತೇಪೆಯ ಅಡಿಗೆ ಹೋಗುತ್ತವೆ.

ಹಂತ 4: ಹಾಸುವುದು

ಕೌದಿಯ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಹಾಸಿಗೆಯ ಮೇಲೆ, ಚಾಪೆಯ ಮೇಲೆ ಹಾಸಬೇಡಿ. ಒರೆಸಿ ಒಣಗಿದ ಗಟ್ಟಿ ನೆಲವೇ ಬೇಕು.

ತಳದ ಬಟ್ಟೆಯ ಒಳ್ಳೆ ಮಗ್ಗುಲು ನೆಲಕ್ಕೆ ಬರಲಿ. ಮೊದಲು ನಾಲ್ಕೂ ಬದಿಯ ನಡುಮಧ್ಯಕ್ಕೆ ಟೇಪು ಅಂಟಿಸಿ, ಆಮೇಲೆ ಮೂಲೆಗಳಿಗೆ. ಮೂಲೆಯಿಂದ ಶುರು ಮಾಡಿದರೆ ಬಟ್ಟೆ ಓರೆಗೆ ಎಳೆದುಕೊಳ್ಳುತ್ತದೆ. ಸುಕ್ಕಿಲ್ಲದಷ್ಟು ಬಿಗಿ ಇದ್ದರೆ ಸಾಕು. ಬೆರಳಿಂದ ಒತ್ತಿ ಎಳೆದಾಗ ಅಂಟಿಸಿದ ಕಡೆ ಗೆರೆಗಳು ಮೂಡಿದರೆ ಅತಿಯಾಯಿತು: ಟೇಪು ಕಿತ್ತ ಕ್ಷಣ ತಳ ಕುಗ್ಗಿ ಮೇಲಿನದೆಲ್ಲ ಉಬ್ಬುತ್ತದೆ. ತಳವೇ ಸಡಿಲವಿದ್ದರೆ ಅದಕ್ಕೆ ಉಲ್ಟಾ, ಹಿಂಬದಿಯಲ್ಲಿ ನೆರಿಗೆ.

ಒಳಪದರ ಒಂದೊಂದಾಗಿ ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿನತ್ತ ಸವರಿ. ಮೂರೂ ಪದರದ ಎಳೆ ಒಂದೇ ದಿಕ್ಕಿಗೆ, ಉದ್ದದೆಳೆ ಉದ್ದಕ್ಕೆ. ಈಗ ತೇಪೆಗಳನ್ನು ಒಂದು ಮೂಲೆಯಿಂದ ಮಾಡಿನ ಹಂಚು ಹೊದಿಸಿದ ಹಾಗೆ ಜೋಡಿಸುತ್ತ ಹೋಗಿ: ಹೊಸ ತೇಪೆಯ ಮಡಚಿದ ಅಂಚು ಹಿಂದಿನದರ ಮಡಚದ ಅಂಚಿನ ಮೇಲೆ 2 ಸೆಂ.ಮೀ. ಕೂರಬೇಕು. ಮಡಚದ ಅಂಚು ಎಲ್ಲಿಯೂ ಹೊರಗೆ ಕಾಣಬಾರದು. ಸಾಲುಗಳು ಉದ್ದಕ್ಕೆ ನೇರವಾಗಿದ್ದರೆ ಹೊಲಿಗೆಯ ಗೆರೆ ಎಳೆಯುವುದು ಸುಲಭ. ತೇಪೆಗಳ ಹೊರಸುತ್ತು ಒಳಪದರದ ಅಂಚಿಗೆ ಸರಿಹೊಂದಲಿ, ತಳದ 4 ಸೆಂ.ಮೀ. ಸುತ್ತಲೂ ಬರಿದಾಗಿ ಕಾಣಬೇಕು.

ಐದನೇ ಪದರ ಸೇರಿಸುವ ಆಸೆ ಹಲವರಿಗೆ ಆಗುತ್ತದೆ. ತೇಪೆ ಮಡಚಿದ ಕಡೆ ಈಗಲೇ ಆರು ಪದರ ಇದೆ ಎಂಬುದು ನೆನಪಿರಲಿ.

ಹಂತ 5: ಕಚ್ಚಾ ಹೊಲಿಗೆ

ಪಿನ್ನು ಚುಚ್ಚಿ ನೇರ ಹೊಲಿಗೆಗೆ ಇಳಿಯುವುದು ಅತಿ ಸಾಮಾನ್ಯ ತಪ್ಪು. ಪಿನ್ನು ಒಂದು ಬಿಂದುವನ್ನು ಹಿಡಿಯುತ್ತದೆ, ಎರಡು ಪಿನ್ನಿನ ನಡುವೆ ಪದರಗಳು ಜಾರುತ್ತವೆ. ತೇಪೆಗಳನ್ನು ಪಿನ್ನಿನಿಂದ ಹಿಡಿದಿಟ್ಟು, ಬೇರೆ ಬಣ್ಣದ ತೆಳು ದಾರದಲ್ಲಿ ಎಲ್ಲ ಪದರ ಸೇರಿಸಿ 5 ಸೆಂ.ಮೀ. ಉದ್ದದ ಕಚ್ಚಾ ಹೊಲಿಗೆ, ಅಂದರೆ ಕೊನೆಗೆ ಬಿಚ್ಚಿ ತೆಗೆಯುವ ಹೊಲಿಗೆ, ಹಾಕಿ.

ಮೊದಲ ಗೆರೆ ನಟ್ಟನಡುವೆ ಉದ್ದಕ್ಕೆ, ಎರಡನೆಯದು ನಟ್ಟನಡುವೆ ಅಡ್ಡಕ್ಕೆ. ಆಮೇಲೆ ನಡುವಿನಿಂದ ಹೊರಕ್ಕೆ ಅಂಗೈಯಗಲಕ್ಕೊಂದು ಗೆರೆ, ಎರಡೂ ದಿಕ್ಕಿಗೆ. ಪ್ರತಿ ಗೆರೆಯೂ ನಡುವಿನಿಂದ ಹೊರಟು ಅಂಚಿನಲ್ಲಿ ಮುಗಿಯಬೇಕು. ಹೆಚ್ಚುವರಿ ಬಟ್ಟೆ ಇದ್ದರೆ ಹೊರಗೆ ಹೋಗಿಬಿಡುತ್ತದೆ. ಎರಡು ಮೂರು ಗಂಟೆ ಹಿಡಿಯುವ ಬೇಸರದ ಕೆಲಸ ಇದು, ಸೊಂಟ ಹಿಡಿಯುತ್ತದೆ. ಆದರೆ ಇದಾದ ಮೇಲೆ ಕೌದಿಯನ್ನು ಮಡಚಿ ತೊಡೆಯ ಮೇಲಿಟ್ಟು ಎಲ್ಲಿ ಬೇಕಾದರೂ ಕೂತು ಹೊಲಿಯಬಹುದು.

ಟೇಪು ಕಿತ್ತು, ಎತ್ತಿ ಕೊಡವಿ, ಮತ್ತೆ ಹಾಸಿ ನೋಡಿ. ಚಪ್ಪಟೆಯಾಗಿ ಕೂತರೆ ಮುಂದುವರಿಯಿರಿ. ಈಗಲೇ ಎಲ್ಲಾದರೂ ಉಬ್ಬು ಕಂಡರೆ ಆ ಭಾಗದ ಕಚ್ಚಾ ಹೊಲಿಗೆ ಬಿಚ್ಚಿ ಸರಿಮಾಡಿ. ಹೊಲಿಗೆಯಲ್ಲಿ ಹೊಂದಿಸಿಕೊಳ್ಳೋಣ ಎಂದುಕೊಂಡರೆ ಹೊಂದುವುದಿಲ್ಲ.

ಹಂತ 6: ಹೊಲಿಗೆ, ಮತ್ತು ಎಲ್ಲಿಂದ ಶುರು ಎಂಬ ಪ್ರಶ್ನೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಅವರ ಕೌದಿ ಉಬ್ಬುವುದಿಲ್ಲ, ನಮ್ಮದೇಕೆ ಉಬ್ಬುತ್ತದೆ ಎಂದು ಕೇಳುವವರಿದ್ದಾರೆ. ಕಾರಣ ಇಷ್ಟು: ಅವರು ತೇಪೆಗಳನ್ನು ಮೊದಲೇ ಪೂರ್ತಿ ಹಾಸಿಡುವುದಿಲ್ಲ. ಹೊಲಿಗೆ ಮುಂದೆ ಹೋದಂತೆ ಒಂದೊಂದೇ ತೇಪೆ ಇಟ್ಟು ಹೊಲಿಯುತ್ತಾರೆ. ಬಟ್ಟೆ ತುಸು ಜರುಗಿದರೂ ಮುಂದಿನ ತೇಪೆ ಅದನ್ನು ನುಂಗಿಕೊಳ್ಳುತ್ತದೆ. ಮೇಲ್ಪದರ ಪೂರ್ತಿ ಹಾಸಿ, ಹೊಲಿಗೆ ಮಾತ್ರ ಅಂಚಿನಿಂದ ಶುರು ಮಾಡಿದರೆ ಜರುಗಿದ ಬಟ್ಟೆಗೆ ನಡುವೆ ಬಿಟ್ಟು ಬೇರೆ ಜಾಗವಿಲ್ಲ. ಎರಡು ಪದ್ಧತಿಯನ್ನು ಬೆರೆಸಿದ್ದರಿಂದಲೇ ಹೊಟ್ಟೆ ಬರುವುದು. ಮೇಲೆ ಹೇಳಿದಂತೆ ಎಲ್ಲ ಹಾಸಿಕೊಂಡವರು ನಡುವಿನಿಂದಲೇ ಹೊರಡಬೇಕು.

ನಡುವಿನ ಉದ್ದ ಗೆರೆ ಮೊದಲು. ನಂತರ ಅದರ ಬಲಕ್ಕೆ ಒಂದು, ಎಡಕ್ಕೆ ಒಂದು, ಹೀಗೆ ಸರದಿಯಲ್ಲಿ, 2 ಸೆಂ.ಮೀ. ಅಂತರ ಬಿಟ್ಟು. ಒಂದೇ ಕಡೆ ಹತ್ತು ಸಾಲು ಹೊಲಿದು ಆಮೇಲೆ ಇನ್ನೊಂದು ಕಡೆಗೆ ಬಂದರೆ ಕೌದಿ ಓರೆಯಾಗುತ್ತದೆ. ದಾರ 60–70 ಸೆಂ.ಮೀ. ಗಿಂತ ಉದ್ದ ಬೇಡ; ಉದ್ದ ದಾರ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅರ್ಧ ಸವೆದಿರುತ್ತದೆ. ಜೇನುಮೇಣದ ಮೇಲೆ ಎರಡು ಸಲ ಎಳೆದುಕೊಂಡರೆ ಗಂಟು ಬೀಳುವುದಿಲ್ಲ.

ಗಂಟನ್ನು ಹೊರಗೆ ಬಿಡಬೇಡಿ. ಶುರುವಿಗಿಂತ ಒಂದು ಬೆರಳು ದೂರದಲ್ಲಿ ಮೇಲ್ಪದರಕ್ಕೆ ಮಾತ್ರ ಸೂಜಿ ಇಳಿಸಿ, ಶುರುವಿನ ಜಾಗದಲ್ಲಿ ಮೇಲೆತ್ತಿ, ಮೆಲ್ಲಗೆ ಜಗ್ಗಿ. ಗಂಟು ಟಪ್ಪೆಂದು ಒಳಗೆ ಹೋಗಿ ಪದರಗಳ ನಡುವೆ ಕೂರುತ್ತದೆ. ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಏರಿಸಿ ಒಮ್ಮೆಲೇ ಎಳೆಯಿರಿ. ಹೊಲಿಗೆಯ ಉದ್ದ 5–6 ಮಿ.ಮೀ., ಅಕ್ಕಿಕಾಳಿನ ಅಳತೆ. ಪ್ರತಿ ಎಳೆತದ ನಂತರ ಎಡಗೈ ಹೆಬ್ಬೆರಳಿನಿಂದ ಸಾಲನ್ನು ಹಿಂದಿನಿಂದ ಮುಂದಕ್ಕೆ ತೀಡಿ. ಎಳೆದ ಬಿಗಿ ಹೆಚ್ಚಾಗಿದ್ದರೆ ಆ ತೀಡುವಿಕೆಯಲ್ಲೇ ಸಡಿಲವಾಗುತ್ತದೆ.

ತೇಪೆಯ ಮಡಚಿದ ಅಂಚು ಬಂದಲ್ಲೆಲ್ಲ ಅಂಚಿನಿಂದ 3 ಮಿ.ಮೀ. ಒಳಗೆ ಪ್ರತ್ಯೇಕ ಹೊಲಿಗೆ ಬೇಕು. ಉದ್ದದ ಅಂಚುಗಳು ಸಾಲಿನ ಜೊತೆಗೇ ಬರುತ್ತವೆ, ಅಡ್ಡ ಅಂಚುಗಳನ್ನೇ ಜನ ಮರೆಯುವುದು. ಆರು ತಿಂಗಳಲ್ಲಿ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುವುದು ಆ ಬಾಯಿಗೇ.

ಒಂದೊಂದು ಸಾಲು ಮುಗಿದಾಗಲೂ ಹಿಂದೆ ತಿರುಗಿಸಿ. ಹಿಂಬದಿಯ ಹೊಲಿಗೆ ಮುಂದಿನದಕ್ಕಿಂತ ಸ್ವಲ್ಪ ಚಿಕ್ಕದಿರುವುದು ಸಹಜ. ಒಟ್ಟೊಟ್ಟಿಗೆ ಎರಡು ಮೂರು ಹೊಲಿಗೆ ಕಾಣದಿದ್ದರೆ ಸೂಜಿ ತಳ ಮುಟ್ಟಿಲ್ಲ, ಅಷ್ಟನ್ನು ಬಿಚ್ಚಿ. ಸಾಲಿನ ಎರಡೂ ಪಕ್ಕ ಸಣ್ಣ ನೆರಿಗೆ ಎದ್ದಿದ್ದರೆ ದಾರ ಬಿಗಿ. ದಾರ ಕುಣಿಕೆಯಾಗಿ ನಿಂತಿದ್ದರೆ ಸಡಿಲ. ಸೂಜಿ ಪದೇಪದೇ ತಡೆದರೆ ಬಲ ಹಾಕಬೇಡಿ, ಸೂಜಿ ಬದಲಿಸಿ. ಮೊನೆ ಮೊಂಡಾದ ಸೂಜಿ ಎಳೆಗಳ ನಡುವೆ ನುಸುಳುವ ಬದಲು ಎಳೆಯನ್ನೇ ಕಡಿಯುತ್ತದೆ.

ಅಭ್ಯಾಸವಾದ ಕೈಗೆ ಗಂಟೆಗೆ ಮೂರ್ನಾಲ್ಕು ಮೀಟರ್ ಸಾಗುತ್ತದೆ. ಇಡೀ ಕೌದಿಗೆ 130 ಮೀಟರಿಗೂ ಹೆಚ್ಚು ಸಾಲು ಇರುವುದರಿಂದ ದಿನಕ್ಕೊಂದು ಗಂಟೆಯಂತೆ ಒಂದೂವರೆ ತಿಂಗಳ ಕೆಲಸ. ಮಷಿನ್‌ನಲ್ಲಿ ಹಾಕಿಬಿಡೋಣ ಎನ್ನುವವರಿಗೆ: ಮನೆಯ ಮಷಿನ್ನಿನ ಹಲ್ಲು ಕೆಳಪದರವನ್ನು ಮುಂದೆ ತಳ್ಳುತ್ತದೆ, ಪಾದ ಮೇಲ್ಪದರವನ್ನು ಹಿಂದೆ ಹಿಡಿಯುತ್ತದೆ. ಪದರಗಳನ್ನು ಒಟ್ಟಿಗೆ ನಡೆಸುವ ವಿಶೇಷ ಪಾದ ಇಲ್ಲದಿದ್ದರೆ ಪ್ರಯತ್ನ ಬೇಡ.

ಹಂತ 7: ಅಂಚು ಮತ್ತು ಮೂಲೆ

ಕಚ್ಚಾ ದಾರ ತೆಗೆಯುವ ಮೊದಲೇ ಅಂಚು ಕಟ್ಟಿ. ಮೂಲೆಯಲ್ಲಿ ತಳದ ತುದಿಯನ್ನು ತ್ರಿಕೋನವಾಗಿ ಒಳಪದರದ ಮೂಲೆಯ ಮೇಲೆ ಮಡಚಿ, ಆಮೇಲೆ ಎರಡೂ ಬದಿಯನ್ನು 2 ಸೆಂ.ಮೀ. ಒಮ್ಮೆ, ಮತ್ತೆ 2 ಸೆಂ.ಮೀ. ಇನ್ನೊಮ್ಮೆ ಮಡಚಿದರೆ ಓರೆಗೆರೆ ತಾನಾಗಿ ಕೂಡುತ್ತದೆ. ಮಡಚಿದ್ದನ್ನು ಎಲ್ಲ ಪದರ ಹಿಡಿಯುವಂತೆ ಎರಡು ಸಾಲು ಹೊಲಿಯಿರಿ. ಕೌದಿ ಮೊದಲು ಸವೆಯುವುದು ಅಂಚಿನಲ್ಲಿ, ಒಂದು ಸಾಲು ಸಾಲದು.

ಮೂಲೆಗೆ ಹೂ, ಅಂದರೆ ಮಡಚಿದ ಬಟ್ಟೆಯ ತ್ರಿಕೋನದ ಅಲಂಕಾರ, ಬೇಕೆನ್ನುವವರು 10 ಸೆಂ.ಮೀ. ಚೌಕವನ್ನು ಕರ್ಣಕ್ಕೆ ಎರಡು ಸಲ ಮಡಚಿ, ಬಿಚ್ಚು ಅಂಚು ಒಳಗೆ ಹೋಗುವಂತೆ ಸಿಕ್ಕಿಸಿ ಆ ಎರಡು ಸಾಲಿನಲ್ಲೇ ಹಿಡಿಯಬಹುದು.

ಈಗಾಗಲೇ ನಡುವೆ ಉಬ್ಬಿದ್ದರೆ

ಮೊದಲು ಉಬ್ಬಿದ್ದು ಯಾವ ಪದರ ಎಂದು ನೋಡಿ. ಹಿಂಬದಿ ಚಪ್ಪಟೆಯಾಗಿದ್ದು ತೇಪೆ ಮಾತ್ರ ಎದ್ದಿದ್ದರೆ ದಾರಿ ಇದೆ: ಆ ತೇಪೆಯನ್ನು ನಡುವೆ ಎಳೆಯ ಗುಂಟ ಸೀಳಿ, ಒಂದರ ಮೇಲೊಂದು ಒರಗಿಸಿ, ಮೇಲೆ ಹೊಸ ತೇಪೆ ಹಾಕಿ ಹೊಲಿಯಿರಿ. ಯಾರಿಗೂ ಗೊತ್ತಾಗುವುದಿಲ್ಲ. ಒಳಪದರ ಅಥವಾ ತಳ ಉಬ್ಬಿದ್ದರೆ ಉಬ್ಬಿನ ಸುತ್ತ ಕನಿಷ್ಠ ಎರಡು ಅಂಗೈಯಗಲ ಹೊಲಿಗೆ ಬಿಚ್ಚಿ, ಮತ್ತೆ ನೆಲಕ್ಕೆ ಹಾಸಿ, ಹಂತ 5ರಿಂದ ಮಾಡಬೇಕು. ಉಬ್ಬನ್ನು ನೆರಿಗೆಯಾಗಿ ಮಡಚಿ ಅದರ ಮೇಲೆಯೇ ಹೊಲಿದರೆ ಮಲಗಿದಾಗ ಬೆನ್ನಿಗೆ ಒತ್ತುತ್ತದೆ, ಸವೆಯುವುದೂ ಅಲ್ಲಿಂದಲೇ.

ಒಗೆಯುವುದು, ಇಡುವುದು, ತೇಪೆ ಬದಲಿಸುವುದು

ತಣ್ಣೀರಿನಲ್ಲಿ ನೆನೆಸಿ, ಕಾಲಲ್ಲಿ ತುಳಿದು ಒಗೆಯಿರಿ. ಕಲ್ಲಿಗೆ ಬಡಿಯುವುದು, ಹಿಂಡುವುದು ಬೇಡ. ನೀರು ಕುಡಿದ ಕೌದಿ ಬಲು ಭಾರ. ಒಂದೇ ಹಗ್ಗಕ್ಕೆ ಹಾಕಿದರೆ ಆ ಗೆರೆಯಲ್ಲಿ ಹೊಲಿಗೆ ಎಳೆದುಕೊಳ್ಳುತ್ತದೆ. ಮಾಳಿಗೆಯ ಮೇಲೆ ಹಾಸಿ, ಇಲ್ಲವೇ ಎರಡು ಮೂರು ಹಗ್ಗಕ್ಕೆ ಅಡ್ಡಲಾಗಿ ಹರಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಒಗೆಯದಿರುವುದೇ ವಾಸಿ. ಹೊರಗೆ ಒಣಗಿದಂತೆ ಕಂಡರೂ ಒಳಪದರದಲ್ಲಿ ಪಸೆ ಉಳಿದು ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿಡದೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನೆಲೆ ಹಾಕಿ, ಪ್ರತಿ ಸಲ ಮಡಿಕೆ ಬದಲಿಸಿ.

ತೇಪೆ ಹರಿದರೆ ಬಿಚ್ಚುವ ಗೋಜಿಗೆ ಹೋಗದೆ ಮೇಲೊಂದು ತೇಪೆ ಹಾಕಿ, ಅಂಚು ಹೊಲಿದು, ಹಳೆ ಸಾಲುಗಳ ಮೇಲೆಯೇ ಮತ್ತೆ ಹೊಲಿಯಿರಿ. ತಳವೇ ಜಾಳಾದರೆ ಇಡೀ ಕೌದಿಯನ್ನು ಹೊಸದೊಂದರ ಒಳಪದರವಾಗಿ ಬಳಸಬಹುದು. ಆಗ ಬೇರೆ ಒಳಪದರ ಹಾಕಬೇಡಿ, ಹಳೆಯದರ ದಪ್ಪ ಅಂಚನ್ನು ಕತ್ತರಿಸಿ ತೆಗೆಯಿರಿ, ಸಾಲುಗಳ ಅಂತರ 4 ಸೆಂ.ಮೀ. ಇಡಿ. ಹಳೆ ಹೊಲಿಗೆ ಹಿಡಿದುಕೊಂಡೇ ಇರುವುದರಿಂದ ಅಷ್ಟು ಸಾಕಾಗುತ್ತದೆ.